ಕಟಕಟೆಯಲ್ಲಿ ನನ್ನ ಎಡ ಅಂಗೈ

ಕೂಡ್ಲಿಗಿಯ ಕೋರ್ಟಿನಲ್ಲಿ ನನ್ನನ್ನು ಕಟಕಟೆಗೆ ಕರೆದದ್ದು ಒಂದು ಸೋಮವಾರ. ಶಿವನ ವಾರವೇ ಸಿಕ್ಕಿತಲ್ಲ ಎಂದುಕೊಂಡು ಹೋಗಿದ್ದೆ. ಕೇಸು ಹಾಕಿದವರು ನಾವು. ಎದುರಿಗಿದ್ದದ್ದು ಸರ್ಕಾರಿ ಬಸ್ಸು.

ಅದಕ್ಕೂ ಎರಡು ಸುಗ್ಗಿಯ ಹಿಂದೆ, ಮನೆಯವರ ಮೊಪೆಡ್ಡಿನ ಹಿಂದೆ ಕುಳಿತು ಕೊಟ್ಟೂರಿನಿಂದ ಬರುತ್ತಿದ್ದೆ. ರಸ್ತೆಯ ಎಡಬದಿಗೆ ಯಾರೋ ಹುರುಳಿ ಹರವಿದ್ದರು. ಸುಗ್ಗಿಯಲ್ಲಿ ಅದು ಇದ್ದದ್ದೇ. ಬಡಿಯುವ ಕೆಲಸವನ್ನು ಲಾರಿ, ಬಸ್ಸುಗಳ ಗಾಲಿಗೆ ಬಿಟ್ಟಿರುತ್ತಾರೆ. ಉಳಿದ ಅರ್ಧ ರಸ್ತೆಯಲ್ಲೇ ನಮ್ಮನ್ನು ದಾಟಲು ಹೋದ ಬಸ್ಸಿನ ಹಿಂಬದಿ ಮೊಪೆಡ್ಡಿಗೆ ತಾಗಿತು. ನಾನು ಹುರುಳಿಯ ಮೇಲೆ ಬಿದ್ದೆ. ಹೊಟ್ಟಿನ ಮೆತ್ತೆಗೆ ತಲೆ ಉಳಿಯಿತು. ಎಡಗೈ ಮೈ ಕೆಳಗೆ ಸಿಕ್ಕಿ ಮೊಣಕೈ ಕೆಳಗಿನ ಎರಡೂ ಎಲುಬು ಮುರಿದವು. ಮನೆಯವರಿಗೆ ಮಂಡಿ ತರಚಿತ್ತು, ಅಷ್ಟೇ. ಡ್ರೈವರು ಓಡಿಹೋಗಲಿಲ್ಲ. ಅದೇ ಬಸ್ಸಿನಲ್ಲಿ ಕೂರಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ. ಅದೂ ಒಂದು ದಯೆ.

ಎಲುಬು ಕೂಡಿತು, ಆದರೆ ಸೊಟ್ಟ ಕೂಡಿತು. ಬೆರಳು ಆಡುತ್ತಿದ್ದವು. ಅಂಗೈ ಮಾತ್ರ ಮೇಲ್ಮುಖವಾಗಿ ತಿರುಗದೆ ಅರ್ಧಕ್ಕೆ ಓರೆಯಾಗಿ ನಿಲ್ಲುತ್ತಿತ್ತು. ಇನ್ನೊಂದು ಆಪರೇಷನ್ ಮಾಡಿದರೆ ತಿರುಗಬಹುದು ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಅದು ನಮ್ಮಿಂದಾಗುವ ಖರ್ಚಲ್ಲ. ಕೇಸು ಗೆದ್ದರೆ ಆಪರೇಷನ್, ಇಲ್ಲದಿದ್ದರೆ ಕೈ ಹೀಗೇ.

ನಮ್ಮಲ್ಲಿ ಲಿಂಗ ಕಟ್ಟಿಕೊಂಡವರು ದಿನಾ ಬೆಳಿಗ್ಗೆ ಅದನ್ನು ಎಡ ಅಂಗೈ ಮೇಲೆ ಇಟ್ಟುಕೊಂಡೇ ಪೂಜಿಸಬೇಕು. ಅಂಗೈಯೇ ಪೀಠ. ಓರೆ ಪೀಠದ ಮೇಲೆ ಲಿಂಗ ನಿಲ್ಲುವುದಿಲ್ಲ. ಅದಕ್ಕೆ ಮನೆಯವರು ನನ್ನ ಪಕ್ಕ ಕುಳಿತು, ನನ್ನ ಅಂಗೈಗೆ ತಮ್ಮ ಅಂಗೈ ಆನಿಸಿ, ಲಿಂಗ ಜಾರದಂತೆ ಹಿಡಿಯುತ್ತಿದ್ದರು. ಬಾಗಿಲು ಮುಂದೆ ಮಾಡಿಕೊಂಡೇ ಈ ಪೂಜೆ. ಅತ್ತೆಗೂ ಗೊತ್ತಿರಲಿಲ್ಲ. ಗಂಡ ಹೆಂಡತಿ ಕೈ ಹಿಡಿದು ಕೂತರು ಎಂದು ಹೇಳಿಕೊಳ್ಳುವ ಮಾತೇ ಅದು?

ಕೋರ್ಟಿನ ಜಗಲಿಯಲ್ಲಿ ನಮ್ಮ ವಕೀಲರು ಪಾಠ ಹೇಳಿದ್ದರು.

"ರೊಟ್ಟಿ ಬಡಿಯಾಕ ಆಗತೈತೇನು ಅಂದ್ರ?"

"ಆಗಂಗಿಲ್ರಿ."

"ನೀರು ಸೇದಾಕ?"

"ಆಗಂಗಿಲ್ರಿ."

"ಹಾಂ, ಅಷ್ಟ. ಪುರಾಣ ಹೇಳಾಕ ಹೋಗಬ್ಯಾಡ್ರಿ."

ಕಟಕಟೆಯಲ್ಲಿ ಆ ಎರಡೂ ಪ್ರಶ್ನೆ ಬಂದವು, ಹೇಳಿದೆ. ಬಸ್ಸಿನ ಪರ ವಕೀಲರು ನನ್ನ ಹಣೆಯನ್ನೇ ನೋಡುತ್ತಿದ್ದರು.

"ವಿಭೂತಿ ಹಚ್ಚೀರಿ. ಲಿಂಗಪೂಜಿ ಮುಗಿಸೇ ಬಂದೀರೇನ್ರಿ?"

"ಹೌದ್ರಿ."

"ಲಿಂಗ ಯಾವ ಕೈಯಾಗ ಇಟ್ಕೊಂತೀರಿ?"

"ಎಡಗೈಯಾಗರಿ."

"ಬಿದ್ದ ಮ್ಯಾಲೂ?"

"ಒಂದ ದಿನಾನೂ ತಪ್ಪಿಸಿಲ್ರಿ." ಇದನ್ನು ನಾನು ಗಟ್ಟಿಯಾಗಿಯೇ ಹೇಳಿದೆ. ಪೂಜೆ ತಪ್ಪಿಸಿದವಳು ಎನಿಸಿಕೊಳ್ಳಲು ನಾನು ತಯಾರಿರಲಿಲ್ಲ.

"ಅಷ್ಟ ಸ್ವಾಮಿ. ಕೈ ನೆಟ್ಟಗ ಐತಿ," ಎಂದು ಅವರು ಕುಳಿತರು. ನಮ್ಮ ವಕೀಲರು ತಲೆ ತಗ್ಗಿಸಿದರು. ಆಪರೇಷನ್ ಹೋಯಿತು ಎಂದು ಆಗ ನನಗೆ ತಿಳಿಯಿತು.

ಜಡ್ಜ್ ಸಾಹೇಬರು ಕೆಳಗೆ ನೋಡಿ ಏನೋ ಬರೆಯುತ್ತಿದ್ದವರು ಪೆನ್ನು ಇಟ್ಟರು. "ಎಲ್ಲಮ್ಮ, ಅಂಗೈ ಮೇಲೆ ಮಾಡಿ ತೋರಿಸಿ."

ತೋರಿಸಿದೆ. ಅರ್ಧಕ್ಕೆ ನಿಂತಿತು.

"ಇದರ ಮೇಲೆ ಲಿಂಗ ಹೇಗೆ ನಿಲ್ಲುತ್ತೆ?"

ನಾನು ಸೆರಗು ಸರಿಮಾಡಿಕೊಂಡೆ. ಹಿಂದಿನ ಬೆಂಚಿನಿಂದ ಮನೆಯವರೇ ಎದ್ದು ನಿಂತರು. "ನಾ ಹಿಡೀತೀನ್ರಿ ಸ್ವಾಮಿ!"

"ಏಯ್, ಕೂಡ್ರಪ್ಪ ಯಜಮಾನ," ಎಂದು ಜವಾನ ಗದರಿದ. ಜಡ್ಜ್ ಸಾಹೇಬರು, "ಸಾಕ್ಷಿ ಅವರದು. ಅವರೇ ಹೇಳಬೇಕು," ಎಂದರು.

ಹೇಳಿದೆ. "ನಮ್ಮನಿಯವ್ರು ಕೈ ಆಸರ ಕೊಡ್ತಾರ್ರಿ. ಇಲ್ಲಾಂದ್ರ ಲಿಂಗ ಜಾರಿ ಬೀಳತೈತ್ರಿ." ಯಾರೋ ಕಿಸಕ್ಕೆಂದರು. ಜಡ್ಜ್ ಸಾಹೇಬರು ನಗಲಿಲ್ಲ. ನನ್ನ ಮಾತನ್ನು ಒಂದೊಂದಾಗಿ ಹೇಳಿ ಟೈಪು ಮಾಡಿಸಿದರು.

ಹೊರಗೆ ಬಂದಾಗ ನಮ್ಮ ವಕೀಲರು ಕೈ ಮುಗಿದರು. "ನನ್ನವ್ವಾ, ಇದನ್ನ ನನಗ ಮೊದಲ ಹೇಳಬಾರದಾಗಿತ್ತಾ?"

"ಪುರಾಣ ಬ್ಯಾಡ ಅಂದಿದ್ರಲ್ರಿ."

ಹೊಲದ ವ್ಯಾಜ್ಯಕ್ಕೆ ಬಂದು ಒಳಗೆ ಎಲ್ಲ ಕೇಳಿಸಿಕೊಂಡಿದ್ದ ಒಬ್ಬ ಮುದುಕಿ ಎಲೆ ಅಡಿಕೆ ಜಗಿಯುತ್ತ ಮನೆಯವರನ್ನು ನೋಡಿ, "ನನ್ ಗಂಡ ಕೈ ಹಿಡಿದದ್ದು ಮದುವ್ಯಾಗ ಧಾರಿ ದಿನ ಅಷ್ಟ ನೋಡಪ್ಪ. ನೀನು ದಿನಾ ಹಿಡೀತಿ!" ಎಂದಳು. ಮನೆಯವರು ಮೊಪೆಡ್ ತರುವ ನೆವದಲ್ಲಿ ಜಾರಿಕೊಂಡರು. ದಾರಿಯಲ್ಲಿ ಕೇಸಿನ ಮಾತು ಆಡಲಿಲ್ಲ. ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಮೆಣಸಿನಕಾಯಿ ಚಲೋ ಬಂದಿದೆಯಂತೆ ಎಂದರು.

ತೀರ್ಪು ನಮ್ಮ ಕಡೆ ಆಯಿತು. ಕೇಳಿದಷ್ಟು ಕೊಡಲಿಲ್ಲ, ಆದರೆ ಆಪರೇಷನ್ನಿಗೆ ಸಾಕಾಯಿತು. ದಾವಣಗೆರೆಯಲ್ಲಿ ಎಲುಬು ಬಿಡಿಸಿ ಮತ್ತೆ ಕೂಡಿಸಿದರು. ಪಟ್ಟಿ ಬಿಚ್ಚಿದ ಮೇಲೂ ಅಂಗೈ ಪೂರ್ತಿ ತಿರುಗಲಿಲ್ಲ. ಹೆಬ್ಬೆರಳಿನ ಕಡೆ ಸ್ವಲ್ಪ ಏರು ಉಳಿಯಿತು. ಮೊದಲ ದಿನ ಮನೆಯವರು ಪಕ್ಕದಲ್ಲೇ ಕುಳಿತಿದ್ದರು, ಕೈ ತಮ್ಮ ತೊಡೆಯ ಮೇಲಿಟ್ಟುಕೊಂಡು. ನಾನು ಲಿಂಗವನ್ನು ಸ್ವಲ್ಪ ಕಿರುಬೆರಳ ಕಡೆ ಸರಿಸಿ ಇಟ್ಟೆ. ನಿಂತಿತು.