ಫಾತಿಮಾಬಿ ನರ್ಸಮ್ಮನ ದಪ್ಪ ಟೈರು

ಫಾತಿಮಾಬಿ ನರ್ಸಮ್ಮ ಎದುರಿಗೆ ಸಿಕ್ಕರೆ ಮೊದಲು ವಿಚಾರಿಸುತ್ತಿದ್ದುದು ನನ್ನನ್ನಲ್ಲ, ನನ್ನ ಸೈಕಲ್ಲನ್ನು. ಬಗ್ಗಿ ಹೆಬ್ಬೆರಳಿನಿಂದ ಟೈರು ಅಮುಕಿ, ಮುಖ ಗಂಭೀರ ಮಾಡಿಕೊಂಡು, "ಬಿ.ಪಿ. ಜಾಸ್ತಿ ಐತಲ್ಲೋ ತಮ್ಮಾ ಇದಕ್ಕೆ" ಎನ್ನುವರು.

ಎಪ್ಪತ್ತರ ದಶಕದ ಹರಿಹರದಲ್ಲಿ ಸೀರೆಯುಟ್ಟು ಸೈಕಲ್ ತುಳಿಯುತ್ತಿದ್ದವರು ನಾನು ಕಂಡಂತೆ ಅವರೊಬ್ಬರೇ. ಕ್ಯಾರಿಯರ್ ಮೇಲೆ ಹೆರಿಗೆಯ ಚೀಲ, ಕೆಳಗೆ ದಪ್ಪ ಟೈರು, ನಡಿಗೆ ಎಮ್ಮೆಯದು. ನಾನಾದರೋ ದಾವಣಗೆರೆಯಿಂದ ತೆಳು ಟೈರಿನ ಹೊಸ ಸೈಕಲ್ ತಂದು, ಕಲ್ಲಿನಂತಾಗುವವರೆಗೆ ಗಾಳಿ ಹೊಡೆಸಿ ಮೆರೆಯುತ್ತಿದ್ದೆ. ಅವರನ್ನು ಹಿಂದೆ ಹಾಕುವಾಗ ಬೇಕೆಂದೇ ಬೆಲ್ಲು ಬಾರಿಸುತ್ತಿದ್ದೆ.

"ಹೋಗಪ್ಪ, ಹೋಗು. ಟಾರು ರೋಡು ಇರೋತನಕ ನಿಂದೇ ರಾಜ್ಯ!" ಎಂದು ಅವರು ಹಿಂದಿನಿಂದ ಕೂಗುವರು.

ಆ ರಾಜ್ಯ ಮುಗಿದದ್ದು ಅಕ್ಕನಿಗೆ ಹೆರಿಗೆ ನೋವು ಬಂದ ದಿನ. ಅವಳ ಮನೆಗೆ ನಂದಿಗುಡಿ ರಸ್ತೆಯಲ್ಲಿ ಎರಡು ಮೈಲಿ ಹೋಗಿ, ಹೊಳೆಕಡೆಯ ಮರಳಿನ ಬಂಡಿದಾರಿಗೆ ಇಳಿಯಬೇಕು. "ಚೀಲ ಕೊಡ್ರಿ ನರ್ಸಮ್ಮ, ನಾನು ಮುಂದೆ ಒಯ್ದಿರ್ತೀನಿ" ಎಂದು ಹಾರಿದೆ. ಮರಳಿಗಿಳಿದು ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಮುಂದಿನ ಗಾಲಿ ಹೂತು, ಚೀಲ ಅವಚಿಕೊಂಡು ಜಾಲಿ ಪೊದೆಯಲ್ಲಿ ಬಿದ್ದಿದ್ದೆ.

ನರ್ಸಮ್ಮ ಬಂದರು. ಮರಳಿನ ಅಂಚಿನಲ್ಲೇ ಇಳಿದು, ವಾಲ್ವಿನ ನಟ್ಟು ಸಡಿಲಿಸಿ ಎರಡೂ ಗಾಲಿಗಳಿಂದ ಪುಸ್ ಎಂದು ಒಂದಿಷ್ಟು ಗಾಳಿ ಬಿಟ್ಟು, ಹೆಬ್ಬೆರಳಿನಿಂದ ಅಮುಕಿ ನೋಡಿ, ಮತ್ತೆ ಹತ್ತಿದರು.

"ಕೈಕಾಲು ಮುರಿದೈತೇನೋ?"

"ಇಲ್ರಿ."

"ಹಂಗಾದ್ರೆ ನಿಂದು ಆಮ್ಯಾಲೆ. ಚೀಲ ಕೊಡು, ಜಲ್ದಿ!"

ಮೆತ್ತಗಾದ ದಪ್ಪ ಟೈರು ಮರಳಿನ ಮೇಲೆ ಅಗಲವಾಗಿ ಊರಿಕೊಂಡು, ನಿಧಾನವಾಗಿ, ಆದರೆ ಎಲ್ಲೂ ನಿಲ್ಲದೆ ಸಾಗಿತು. ನಾನೂ ಗಾಳಿ ಬಿಟ್ಟು ನೋಡಿದೆ. ತೆಳು ಟೈರು ರಿಮ್ಮಿಗೆ ಅಂಟಿತೇ ಹೊರತು ಹೂತುಹೋಗುವುದು ತಪ್ಪಲಿಲ್ಲ.

ಸೈಕಲ್ ಎಳೆದುಕೊಂಡು ಅಕ್ಕನ ಮನೆ ಮುಟ್ಟುವಾಗ ಕೂಸು ಅಳುತ್ತಿತ್ತು. ಕರುಳಬಳ್ಳಿ ಕೊರಳಿಗೆ ಸುತ್ತಿತ್ತಂತೆ. ಇನ್ನೊಂದಿಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲವೆಂದು ಅಕ್ಕನ ಅತ್ತೆ ಹೇಳಿದರು. ನರ್ಸಮ್ಮ ಮಾತ್ರ ಕೂಸನ್ನು ನನ್ನ ಕಡೆ ತಿರುಗಿಸಿ, "ನೋಡವ್ವಾ, ನಿನಗಿಂತ ಲೇಟಾಗಿ ಬಂದ ನಿಮ್ಮ ಮಾವ" ಎಂದರು.

ವಾಪಸು ಬರುವಾಗ ಟಾರು ರಸ್ತೆ ಸಿಕ್ಕೊಡನೆ ತಮ್ಮ ಪಂಪು ನನ್ನ ಕೈಗಿತ್ತರು. "ಮೆತ್ತಗಿದ್ರೆ ಟಾರಿನ ಮ್ಯಾಲೆ ಹಿಂದಕ್ಕೆಳೀತೈತೆ. ಹೊಡಿ. ಇನ್ನೂ ಹೊಡಿ."

ಎಂಬತ್ತರ ದಶಕದಲ್ಲಿ ನನ್ನ ಹೆಂಡತಿಗೆ ನೋವು ಬಂದಾಗ ನರ್ಸಮ್ಮನ ಮನೆಗೆ ಓಡಿದೆ. ಬೀಗ ಹಾಕಿತ್ತು. ರಿಟೈರಾಗಿ ಹಿಂದಿನ ವಾರವಷ್ಟೇ ಮಾಯಕೊಂಡದ ತಂಗಿಯ ಮನೆ ಸೇರಿದ್ದರು. ಪಕ್ಕದ ಮನೆಯಾಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೇಳಿದಳು:

"ಹೊಸ ನರ್ಸಮ್ಮಗೆ ನಿಮ್ಮ ಮನೆ ತೋರಿಸೇ ಹೋಗಿದಾರ್ರಿ, ದಿನ ತುಂಬೈತಂತ ಆಕಿ ಈಗಷ್ಟೇ ಆ ಕಡೆ ಹೊಂಟಾಳ. ನಿಮಗೂ ಒಂದು ಮಾತು ಹೇಳಿದಾರೆ. 'ಅವನು ಓಡಿ ಬರ್ತಾನೆ, ಮೊದಲು ಕೂಡ್ರಿಸಿ ನೀರು ಕೊಡ್ರಿ. ಹೆರೋದು ಅವನ ಹೆಂಡ್ತಿ, ಅವನಲ್ಲ ಅಂತ ತಿಳಿಸ್ರಿ' ಅಂದ್ರು."

ಬೀಗ ಬಿದ್ದ ಬಾಗಿಲ ಮೆಟ್ಟಿಲ ಮೇಲೆ ಕೂತು, ಹೇಳಿದಂತೆ ನೀರು ಕುಡಿದೆ.