ವ್ಯವಸ್ಥೆ: ತೃಪ್ತಿಕರ

ತೆಲಂಗಾಣ ಬೇರೆ ರಾಜ್ಯವಾಗಿ ಎರಡನೆಯ ವರ್ಷ ನಡೆದಿತ್ತು. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರೂ ಆಗ ಪಾಲಮೂರು ಜಿಲ್ಲೆಯೊಳಗೇ ಇದ್ದವು. ನಾನು ನಾರಾಯಣಪೇಟೆಯ ಒಂದು ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕ, ಭಾನುವಾರಗಳಲ್ಲಿ ಫುಟ್‌ಬಾಲ್ ಲೀಗಿನ ರೆಫರಿ. ಇಪ್ಪತ್ತೆರಡು ವರ್ಷ ಸೀಟಿ ಊದಿದ್ದೇನೆ. ಆಟಗಾರರು ಬೈದ ಬೈಗುಳ ಒಂದೂ ನೆನಪಿನಲ್ಲಿಲ್ಲ. ಕ್ಲಬ್ಬುಗಳ ಅಧ್ಯಕ್ಷರು ಮಾಡಿದ ಭಾಷಣಗಳು ಮಾತ್ರ ಈಗಲೂ ನೆನಪಾಗಿ ಮೈ ಉರಿಯುತ್ತದೆ.

ನಮ್ಮ ಲೀಗಿನಲ್ಲಿ ಎರಡು ಡಿವಿಷನ್. ಕೆಳಗಿನದು ಬಿ. ಅದರಲ್ಲಿ ಆರು ತಂಡ, ಒಂದೊಂದಕ್ಕೆ ಹತ್ತು ಪಂದ್ಯ. ಮೊದಲ ಸ್ಥಾನ ಪಡೆದ ಒಂದೇ ಒಂದು ತಂಡ ಮರುವರ್ಷ ಎ ಡಿವಿಷನ್‌ಗೆ ಏರುತ್ತಿತ್ತು. ಜಿಲ್ಲಾ ತಂಡದ ಆಯ್ಕೆಗೆ ಎ ಡಿವಿಷನ್ ಆಟಗಾರರನ್ನಷ್ಟೇ ಕರೆಯುತ್ತಿದ್ದರು. ಮಕ್ತಲ್ ಕ್ಲಬ್ ಸತತ ಎರಡು ವರ್ಷ ಎರಡನೆಯ ಸ್ಥಾನಕ್ಕೆ ನಿಂತು ಕೈ ಹಿಸುಕಿಕೊಂಡಿತ್ತು.

ಅದರ ನಾಯಕ ಬೀರಪ್ಪ. ಕುರಿ ಸಾಕುವ ಮನೆತನ, ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಬೇಲು ಹೊರುವ ಕೆಲಸ, ವಯಸ್ಸು ಇಪ್ಪತ್ತೇಳು. ಹಿಂಬದಿಯಲ್ಲಿ ಆಡುತ್ತಿದ್ದ. ಅವನನ್ನು ದಾಟಿ ಹೋದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆ ವರ್ಷ ಕೋಸಗಿಯಲ್ಲಿ ಪಂದ್ಯ ಗೆದ್ದ ಮೇಲೆ ಬೂಟಿನ ದಾರ ಬಿಚ್ಚುತ್ತ ನನಗೆ ಹೇಳಿದ: “ಒಂದು ಸಲ ಜಿಲ್ಲಾದ ಪರವಾಗಿ ಆಡಿದ್ರ ಸಾಕ್ರಿ ಮಾಸ್ತರ್ರ. ಈ ವರ್ಷ ಮ್ಯಾಲ ಹೋಗಲಿಲ್ಲಂದ್ರ ನಂದು ಮುಗದಂಗ. ಅಪ್ಪ ಕುರಿ ಮೇಯ್ಸಾಕ ಕರ್ಯಾಕ ಹತ್ಯಾನ.”

ನಮ್ಮ ಜಿಲ್ಲೆಯದೇ ಮದ್ದೂರಿಗೂ ಕೋಸಗಿಗೂ ಈ ಹುಡುಗರು ಗೂಡ್ಸ್ ಆಟೋದಲ್ಲಿ ನಿಂತುಕೊಂಡೇ ಹೋಗಿ ಬಂದರು. ಒಂಬತ್ತು ಪಂದ್ಯಗಳಲ್ಲಿ ಆರು ಗೆದ್ದರು, ಎರಡು ಡ್ರಾ, ಒಂದು ಸೋಲು. ಕೊನೆಯ ಪಂದ್ಯ ಸ್ವಂತ ಊರಲ್ಲಿ, ಗದ್ವಾಲ್ ವಿರುದ್ಧ. ಡ್ರಾ ಆದರೂ ಬಡ್ತಿ ಖಚಿತ, ಸೋತರೆ ಗದ್ವಾಲ್ ಮೇಲೆ ಹೋಗುತ್ತಿತ್ತು.

ಈ ಒಂಬತ್ತು ಪಂದ್ಯಗಳಲ್ಲಿ ಒಂದಕ್ಕೂ ಕ್ಲಬ್ಬಿನ ಅಧ್ಯಕ್ಷರು ಬಂದಿರಲಿಲ್ಲ. ಕಲ್ಲಿನ ಕ್ರಷರ್ ಮಾಲೀಕರು, ಮೈತುಂಬ ಅತ್ತರು, ನಾಲಿಗೆ ತುಂಬ ಸೇವೆ. ಹೆಸರು ಬರೆಯುವುದಿಲ್ಲ, ಅದನ್ನೂ ಅವರು ಸನ್ಮಾನವೆಂದೇ ತಿಳಿದಾರು. ರಾಜ್ಯ ಬಂದ ಮೇಲೆ ಊರೂರಿಗೆ ಇಂಥವರು ಹುಟ್ಟಿಕೊಂಡಿದ್ದರು. ಚಳವಳಿಯಲ್ಲಿ ಎಲ್ಲಿದ್ದರೋ ಯಾರಿಗೂ ಗೊತ್ತಿಲ್ಲ, ಫ್ಲೆಕ್ಸಿನಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ.

ಫೆಬ್ರವರಿಯ ಆ ಭಾನುವಾರ ಪಂದ್ಯ ಮೂರೂವರೆಗೆ ಶುರುವಾಗಬೇಕು. ಮೂರಕ್ಕೆ ಮೈದಾನಕ್ಕೆ ಹೋದರೆ, ಮೂಲೆಯ ಕಾರ್ನರ್ ಬಾವುಟವನ್ನೇ ಕಿತ್ತು ಅಲ್ಲೊಂದು ವೇದಿಕೆ ಕಟ್ಟಿದ್ದರು. ಮೇಲೆ ಬ್ಯಾನರು: ಎ ಡಿವಿಷನ್‌ಗೆ ಏರಿದ ವೀರರಿಗೆ ಅಭಿನಂದನೆ. ಪಂದ್ಯವೇ ಆಗಿಲ್ಲವಲ್ಲ ಎಂದು ಕೇಳಿದೆ. ಅಧ್ಯಕ್ಷರು ನನ್ನ ಭುಜದ ಮೇಲೆ ಕೈಹಾಕಿ, “ಮಾಸ್ತರ್ರ, ಮುಖ್ಯ ಅತಿಥಿಗಳು ಐದಕ್ಕ ಹೈದರಾಬಾದಿಗೆ ಹೊಂಡ್ತಾರ. ಆಟ ಆಮೇಲೂ ಆಡಬಹುದು” ಎಂದರು. ಗೆಲ್ಲುವ ಮೊದಲೇ ಗೆದ್ದವರಿಗೆ ಸನ್ಮಾನ ಮಾಡುವ ಈ ಜಾಣತನವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಹನ್ನೊಂದು ಹುಡುಗರನ್ನು ಬೂಟು ಹಾಕಿಸಿ ಬಿಸಿಲಿನಲ್ಲಿ ಸಾಲಾಗಿ ಕೂರಿಸಿದರು. ಹಾರ, ಶಾಲು, ನೆನಪಿನ ಕಾಣಿಕೆ. ಎಲ್ಲವೂ ವೇದಿಕೆಯ ಮೇಲಿನವರಿಗೆ. ಅಧ್ಯಕ್ಷರು ಮೈಕು ಹಿಡಿದು ತೆಲಂಗಾಣದ ಹೋರಾಟದಿಂದ ಆರಂಭಿಸಿ, ಈ ವರ್ಷ ಅತಿ ಹೆಚ್ಚು ಗೋಲು ಹೊಡೆದ ನಮ್ಮ ಗೋಲ್‌ಕೀಪರಿಗೆ ಅಭಿನಂದನೆ ಎನ್ನುವವರೆಗೆ ಬಂದರು. ಗೋಲ್‌ಕೀಪರು ತಲೆ ತಗ್ಗಿಸಿ ಕೂತಿದ್ದ.

ಆಗ ರೆಫರಿ ಎಲ್ಲಿದ್ದ ಎಂದು ನೀವು ಕೇಳಬಹುದು. ವೇದಿಕೆಯ ಮೇಲೇ ಇದ್ದ. ನನಗೂ ಒಂದು ಕುರ್ಚಿ, ಒಂದು ಶಾಲು. ಬೇಡ ಎನ್ನಲಿಲ್ಲ. ನಾರಾಯಣಪೇಟೆಯಿಂದ ಬಂದ ಹಿರಿಯ ನಿರ್ಣಾಯಕರು ಎಂದು ಮೈಕಿನಲ್ಲಿ ಕರೆದಾಗ ಎದ್ದು ಕೈ ಕೂಡ ಮುಗಿದೆ. ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಲೀಗಿನ ನಿಯಮ ಸ್ಪಷ್ಟವಾಗಿತ್ತು. ಆತಿಥೇಯರ ತಪ್ಪಿನಿಂದ ಪಂದ್ಯ ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ಅಂಕಗಳು ಎದುರಾಳಿಗೆ. ನಾಲ್ಕು ದಾಟಿತು. ನಾಲ್ಕೂವರೆಯೂ ದಾಟಿತು. ಬೀರಪ್ಪ ಎದ್ದುನಿಂತ. ತನ್ನ ಹತ್ತು ಮಂದಿಯನ್ನು ಕರೆದುಕೊಂಡು ಮೈದಾನದ ನಡುಗೆರೆಗೆ ಹೋಗಿ ನಿಂತ. ಅಧ್ಯಕ್ಷರ ಮಾತು ನಡೆದೇ ಇತ್ತು. ಬೀರಪ್ಪ ಅಲ್ಲಿಂದಲೇ ವೇದಿಕೆಯತ್ತ ಹೇಳಿದ: “ಮಾಸ್ತರ್ರ, ಸೀಟಿ ನಿಮ್ಮ ಕೊಳ್ಳಾಗ ಐತಿ. ಇಳದು ಬರ್ರಿ.”

ಮುಖ್ಯ ಅತಿಥಿ ನಕ್ಕರು. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ನಾನು ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಇಳಿದೆ.

ಕೆಳಗೆ ಗದ್ವಾಲಿನ ಮ್ಯಾನೇಜರು ಕಾಯುತ್ತಿದ್ದರು. ಅರ್ಧ ಗಂಟೆ ಮೀರಿದೆ, ಪಂದ್ಯ ನಮ್ಮದೆಂದು ಬರೆದುಕೊಡಿ ಎಂದರು. ಅವರು ಕೇಳಿದ್ದು ನ್ಯಾಯವೇ. ಅವರ ನಾಯಕ ಮದ್ದಿಲೇಟಿ ಪಕ್ಕದಲ್ಲೇ ನಿಂತಿದ್ದ. ನಾನು ಅವನನ್ನು ಕೇಳಿದೆ. ಆಟದ ಕಾನೂನಿನಲ್ಲಿ ಒಂದು ಅವಕಾಶವಿದೆ: ಬೆಳಕು ಸಾಲದಿದ್ದರೆ, ಶುರುವಾಗುವ ಮೊದಲೇ ಎರಡೂ ಕಡೆಯವರು ಒಪ್ಪಿ, ನಲವತ್ತೈದು ನಿಮಿಷದ ಅವಧಿಯನ್ನು ನಲವತ್ತಕ್ಕೆ ಇಳಿಸಬಹುದು. ನೀನು ಒಪ್ಪಿದರೆ ಕತ್ತಲಾಗುವ ಮೊದಲು ಮುಗಿಸಬಹುದು ಎಂದೆ.

ಮದ್ದಿಲೇಟಿ ಬೀರಪ್ಪನನ್ನು ನೋಡಿದ. “ಜೂರಾಲ ಡ್ಯಾಮ್ ದಾಟಿ ಎರಡು ಬಸ್ಸು ಬದಲಿ ಮಾಡಿ ಬಂದೀವ್ರಿ. ಇವ್ರ ಭಾಷಣ ಕೇಳಿ ಗೆದ್ದು ಹೋದ್ರ ಊರಾಗ ಏನಂತ ಹೇಳೂದು? ಆಡೂಣು ನಡೀರಿ” ಎಂದ. ಮ್ಯಾನೇಜರು ತೆಲುಗಿನಲ್ಲಿ ಅವನಿಗೆ ಏನೇನೋ ಅಂದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಲ್ಕು ನಲವತ್ತೈದಕ್ಕೆ ಸೀಟಿ ಊದಿದೆ. ಮೊದಲ ಹತ್ತು ನಿಮಿಷ ಅಧ್ಯಕ್ಷರು ಮೈಕು ಬಿಡಲಿಲ್ಲ, ಆಟಗಾರರ ಕೂಗು ಒಬ್ಬರಿಗೊಬ್ಬರಿಗೆ ಕೇಳಿಸದೆ ಎರಡು ಸಲ ಡಿಕ್ಕಿ ಹೊಡೆದುಕೊಂಡರು. ವೇದಿಕೆಯಿದ್ದ ಮೂಲೆಯಿಂದ ಕಾರ್ನರ್ ಕಿಕ್ ಹೊಡೆಯಲು ಜಾಗವೇ ಇರಲಿಲ್ಲ, ಕುರ್ಚಿಗಳನ್ನು ಸರಿಸಬೇಕಾಯಿತು. ವಿರಾಮ ಎರಡೇ ನಿಮಿಷ. ಐವತ್ತೆರಡನೆಯ ನಿಮಿಷದಲ್ಲಿ ಮದ್ದಿಲೇಟಿಯೇ ಗೋಲು ಹೊಡೆದ. ಆ ಹೊತ್ತಿಗೆ ಮುಖ್ಯ ಅತಿಥಿ ಹೊರಟಾಗಿತ್ತು, ಅವರ ಹಿಂದೆಯೇ ಅಧ್ಯಕ್ಷರೂ. ಎಪ್ಪತ್ತನಾಲ್ಕನೆಯ ನಿಮಿಷದಲ್ಲಿ ಮಕ್ತಲ್‌ಗೆ ಒಂದು ಕಾರ್ನರ್ ಸಿಕ್ಕಿತು. ಬೀರಪ್ಪ ಹಿಂಬದಿಯಿಂದ ಓಡಿಬಂದು ತಲೆಯಿಂದ ಚೆಂಡನ್ನು ಬಲೆಗೆ ದೂಡಿದ. ಒಂದು, ಒಂದು. ಕೊನೆಯ ಸೀಟಿ ಊದಿದಾಗ ಸೂರ್ಯ ಮುಳುಗುವುದರಲ್ಲಿದ್ದ. ಮಕ್ತಲ್ ಎ ಡಿವಿಷನ್‌ಗೆ ಏರಿತು. ಮದ್ದಿಲೇಟಿ ಬಂದು ಬೀರಪ್ಪನನ್ನು ತಬ್ಬಿಕೊಂಡ.

ಆಮೇಲೆ ನನ್ನ ಕೆಲಸ, ಅಂದರೆ ವರದಿ. ನಿಜ ಬರೆದರೆ ನಿಯಮದಂತೆ ಅಂಕ ಗದ್ವಾಲಿಗೆ ಹೋಗುತ್ತಿತ್ತು, ಇಬ್ಬರೂ ನಾಯಕರು ಆಡಿದ್ದು ನೀರುಪಾಲು. ಹಾಗಾಗಿ ಆರಂಭದ ಸಮಯ ಮೂರು ಐವತ್ತೆಂಟು ಎಂದು ಬರೆದೆ. ಅವಧಿ ಕಡಿತಕ್ಕೆ ಕಾರಣ: ಮಂದ ಬೆಳಕು. ಇಬ್ಬರೂ ನಾಯಕರು ಸಹಿ ಹಾಕಿದರು. ನಾಲ್ಕು ಗಂಟೆಯ ನಿಚ್ಚಳ ಬಿಸಿಲಿಗೆ ಶುರುವಾದ ಆಟಕ್ಕೆ ಮಂದ ಬೆಳಕು ಎಲ್ಲಿಂದ ಬಂತೆಂದು ಲೀಗಿನ ಕಚೇರಿಯಲ್ಲಿ ಒಬ್ಬರೂ ಕೇಳಲಿಲ್ಲ. ಓದಿದವರಿದ್ದರೆ ತಾನೇ ಕೇಳುವುದು. ಕೆಳಗೆ ಇನ್ನೊಂದು ಕಾಲಂ ಇತ್ತು: ಆತಿಥೇಯರ ವ್ಯವಸ್ಥೆ. ವೇದಿಕೆ ಗೆರೆಯೊಳಗೆ ಬಂದಿತ್ತು, ಆಟದ ನಡುವೆ ಮೈಕು ಕೂಗುತ್ತಿತ್ತು ಎಂದು ಅಲ್ಲಿ ಬರೆಯಬಹುದಿತ್ತು. ಅದರಿಂದ ಅಂಕ ಹೋಗುತ್ತಿರಲಿಲ್ಲ, ಅಧ್ಯಕ್ಷರಿಗೆ ಒಂದು ನೋಟಿಸು ಬರುತ್ತಿತ್ತು, ಅಷ್ಟೆ. ಯಾಕೆ ಬೇಕು ತಂಟೆ ಎಂದುಕೊಂಡು, ಸಹಿ ಹಾಕಿದವರು ಹೋದ ಮೇಲೆ, ತೃಪ್ತಿಕರ ಎಂದು ತುಂಬಿದೆ.

ಮರುವರ್ಷ ಎ ಡಿವಿಷನ್‌ಗೆ ಮಕ್ತಲ್ ಕೊಟ್ಟ ಪಟ್ಟಿಯಲ್ಲಿ ಬೀರಪ್ಪನ ಹೆಸರಿರಲಿಲ್ಲ. ಅಧ್ಯಕ್ಷರು ಕೊಟ್ಟ ಕಾರಣ: ಅಶಿಸ್ತು, ಮುಖ್ಯ ಅತಿಥಿಗಳಿಗೆ ಅವಮಾನ, ಸಭೆ ನಡೆಯುವಾಗ ತಂಡವನ್ನು ಎಬ್ಬಿಸಿಕೊಂಡು ಹೋದದ್ದು. ಒಂದು ವಾರದ ನಂತರ ಅವನು ನಮ್ಮ ಸ್ಕೂಲಿಗೆ ಬಂದ. ಲೀಗಿಗೆ ಅರ್ಜಿ ಕೊಡಬೇಕು, ನನ್ನ ವರದಿಯ ನಕಲು ಬೇಕು ಎಂದ. “ಟೈಮಿನ ಮಾತು ನಂಗ ಗೊತ್ತೈತ್ರಿ, ನಾನೇ ಸಹಿ ಮಾಡೀನಿ. ಆದ್ರ ಸ್ಟೇಜು, ಮೈಕು ಎಲ್ಲಾ ಖಂಡಿತ ಬರ್ದಿರ್ತೀರಿ. ಅದೊಂದು ತೋರಿಸಿದ್ರ ಸಾಕ್ರಿ.”

ಬೀರುವಿನಿಂದ ಕಾರ್ಬನ್ ಪ್ರತಿ ತೆಗೆದುಕೊಟ್ಟೆ. ಬೇರೆ ದಾರಿ ಇರಲಿಲ್ಲ. ಅವನು ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿಕೊಂಡು ಹೋದ. ಒಂದು ಕಡೆ ಬೆರಳು ನಿಂತಿತು.

“ತೃಪ್ತಿಕರ ಅಂದ್ರ ಎಲ್ಲಾ ಚಲೋ ಇತ್ತು ಅಂತ ಅಲ್ರೀ?”

ಹೌದೆಂದೆ. ಈಗಲೇ ಲೀಗಿಗೆ ನಿಜ ಪತ್ರ ಬರೆದು ಕೊಡುತ್ತೇನೆ ಎಂದೂ ಹೇಳಿದೆ. ಅವನು ಸಾಲಿನ ಮೇಲಿಂದ ಬೆರಳು ತೆಗೆದ.

“ಈಗ ಒಂದು ಸುಳ್ಳಂತಾದ್ರ ಇಡೀ ವರದಿ ಕೆದಕ್ತಾರ್ರಿ, ಟೈಮಿಂದೂ ಹೊರಗ ಬರ್ತೈತಿ. ಹತ್ತು ಮಂದಿ ಕೆಳಗ ಬೀಳ್ತಾರ. ಬ್ಯಾಡ್ರಿ ಮಾಸ್ತರ್ರ.” ಕಾಗದವನ್ನು ಮೇಜಿನ ಮೇಲಿಟ್ಟು, ನಮಸ್ಕಾರ ಮಾಡಿ ಹೋದ.

ಅಧ್ಯಕ್ಷರಂಥವರ ಬಗ್ಗೆ ನನಗೆ ಅಂದೂ ತಿರಸ್ಕಾರವಿತ್ತು, ಇಂದೂ ಇದೆ. ಆದರೆ ಅವರು ತಮ್ಮ ಸ್ವಭಾವದಂತೆ ನಡೆದುಕೊಂಡರು. ಅವರನ್ನು ಹಿಡಿದು ನಿಲ್ಲಿಸಲು ಲೀಗು ನನಗೆ ಒಂದು ಕಾಲಂ ಕೊಟ್ಟಿತ್ತು, ಅದನ್ನು ನಾನು ಅವರಿಗೇ ಬಿಟ್ಟುಕೊಟ್ಟೆ. ಆಟಗಾರರಿಗಾಗಿ ಹೇಳಿದ ಸುಳ್ಳಿಗೆ ನನಗೆ ನಾಚಿಕೆಯಿಲ್ಲ. ನನ್ನ ನೆಮ್ಮದಿಗಾಗಿ ಬರೆದ ಆ ಒಂದು ಶಬ್ದಕ್ಕೆ ಇದೆ. ನಿವೃತ್ತಿಯವರೆಗೆ ಆ ಕಾಲಂ ಅನ್ನು ಕಂಡದ್ದನ್ನು ಕಂಡಂತೆ ತುಂಬಿದೆ, ಅದಕ್ಕಾಗಿ ಹಲವು ಕ್ಲಬ್ಬುಗಳು ನನ್ನನ್ನು ಕರೆಯುವುದನ್ನೇ ಬಿಟ್ಟವು. ನನಗೆ ಬುದ್ಧಿ ಬಂತು. ಮಕ್ತಲ್ ಕ್ಲಬ್ ಎ ಡಿವಿಷನ್‌ನಲ್ಲಿ ಮೂರು ವರ್ಷ ಆಡಿತು. ಅದನ್ನು ಅಲ್ಲಿಗೆ ಏರಿಸಿದವನು ಅಲ್ಲಿ ಒಂದು ನಿಮಿಷವೂ ಆಡಲಿಲ್ಲ.