ಕರಿ ಗಾಜಿನ ಪೆರುಮಾಳ್

ಪೆರುಮಾಳ್ ನನ್ನ ಅನ್ನಕ್ಕೆ ಕಲ್ಲು ಹಾಕಿದವನು. ಇದನ್ನು ಅವನೆದುರಿಗೇ ಹೇಳಿದ್ದೇನೆ, ಬರೆಯಲು ಅಂಜಿಕೆಯೇನಿಲ್ಲ. ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಮೇಲೆ ಒಣಗಿ ನಿಂತಿದ್ದ ಸಸಿಗಳಿಗೆ ಎರಡು ದಿನ ಪಂಪು ಹೊತ್ತು ಹಸಿರು ಬಣ್ಣ ಹೊಡೆದವನು ನಾನು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಒಂದೇ ಫೋಟೋದಲ್ಲಿ ಹಾಳು ಮಾಡಿದ.

ಅವನಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಗೆ ಇಳಿದವರು. ಇವನು ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾನೆ. ತೆಪ್ಪಗಿರದೆ ಇನ್‌ಫ್ರಾರೆಡ್ ಎಂಬ ಹುಚ್ಚು ಹತ್ತಿಸಿಕೊಂಡ. ಕಣ್ಣಿಗೆ ಕಾಣದ ಬೆಳಕಿನಲ್ಲಿ ಫೋಟೋ ತೆಗೆಯುವುದಂತೆ. ಕಣ್ಣಿಗೆ ಕಾಣುವ ಗಿರಾಕಿಗಳೇ ಅಂಗಡಿಗೆ ಬರುತ್ತಿಲ್ಲ, ಅದು ಬೇರೆ ಮಾತು. ಲೆನ್ಸಿನ ಮುಂದೆ ವೆಲ್ಡಿಂಗ್ ಗಾಜಿನಂಥ ಕರಿ ಫಿಲ್ಟರ್. ಅದು ಕೂತ ಮೇಲೆ ಕ್ಯಾಮೆರಾದಲ್ಲಿ ಏನೂ ಕಾಣದು. ಸ್ಟ್ಯಾಂಡ್ ಇಟ್ಟು, ಫೋಕಸ್ ಹೊಂದಿಸಿ, ಆಮೇಲೆ ಫಿಲ್ಟರ್ ತಿರುಗಿಸಬೇಕು. ಬೆಳಕು ಸೋಸಿ ಒಳಗೆ ಹೋಗಲು ಇಪ್ಪತ್ತು, ಮೂವತ್ತು ಸೆಕೆಂಡು. ಕ್ಯಾಮೆರಾದ ಮೀಟರ್ ಹೇಳುವುದನ್ನು ನಂಬುವಂತಿಲ್ಲ. ಗಾಳಿ ಬೀಸಿದರೆ ಎಲೆಯೆಲ್ಲ ಹಿಂಜಿದ ಹತ್ತಿಯಂತೆ ಮಸುಕು, ಮತ್ತೆ ಮೊದಲಿಂದ.

"ಊರೋರೆಲ್ಲ ಸಂಜೆ ಬೆಳಕು ಚೆಂದ ಅಂತಾರೆ. ಇವ್ರಿಗೆ ಮಟಮಟ ಮಧ್ಯಾಹ್ನನೇ ಆಗ್ಬೇಕು, ಸರಿಯಾಗಿ ಊಟದೊತ್ತಿಗೆ," ಎನ್ನುತ್ತಾಳೆ ಅವನ ಹೆಂಡತಿ ಕಲಾ.

ದಿಬ್ಬದ ಮೇಲೆ ಸಾವಿರ ಸಸಿ ಬೆಳೆಸುವ ಗುತ್ತಿಗೆ ಕೋದಂಡಪ್ಪನದು, ನಾನು ಅವನ ಕೆಲಸದಾಳು. ನೀರಿನ ಟ್ಯಾಂಕರ್ ಕಾಗದದಲ್ಲಿ ಮಾತ್ರ ಬರುತ್ತಿತ್ತು. ನೀರು ಹಾಕುವ ಕೂಲಿ ಕದಿರಮ್ಮ ಕೆಳಗಿನ ಬೋರಿನಿಂದ ಬಿಂದಿಗೆ ಹೊತ್ತು ಒಂದು ಸಾಲನ್ನಷ್ಟೇ ಉಳಿಸಿದ್ದಳು.

"ತಪಾಸಣೆಗೆ ಬರೋ ಸಾಯೇಬ್ರಿಗೆ ಒಣಗಿದ್ದು ಕಂಡ್ರೆ ನಿನ್ ಕೂಲಿ ಅವತ್ತಿಗೇ ಮುಗೀತು ಕಣಮ್ಮೀ," ಎಂದು ಅವಳನ್ನು ಹೆದರಿಸಿ, ಕೋದಂಡಪ್ಪ ನನ್ನ ಕೈಗೆ ಪಂಪು ಕೊಟ್ಟ.

ಆಮೇಲೆ ಪೆರುಮಾಳನ ಅಂಗಡಿಯಲ್ಲಿ ಒಂದು ಫೋಟೋ ನೋಡಿದ. ಕರಿ ಗಾಜಿನಲ್ಲಿ ತೆಗೆದ ಮಾರಿಕುಪ್ಪಂ ಸ್ಟೇಷನ್ನಿನ ಹುಣಸೆಮರ, ಹಿಮ ಬಿದ್ದಂತೆ ಬೆಳ್ಳಗೆ.

"ನನ್ ದಿಬ್ಬಾನೂ ಇಂಗೇ ಕಾಶ್ಮೀರ ಮಾಡ್ಲಾ. ಬ್ಯಾನರ್ ಆಕಿಸ್ಬೇಕು."

ಪೆರುಮಾಳ್ ಮೂರು ಮಧ್ಯಾಹ್ನ ದಿಬ್ಬದಲ್ಲಿ ನಿಂತು ಫೋಟೋ ತೆಗೆದ. "ಒಂದ್ಸಲ ನೋಡ್ಬಿಟ್ಟು ಪ್ರಿಂಟ್ ಆಕ್ಸಣ್ಣಾ," ಎಂದ.

"ನೋಡೋದೇನ್ಲಾ ಐತೆ, ಕಳ್ಸು."

ತಪಾಸಣೆಯ ದಿನ ಬ್ಯಾನರ್ ಎದ್ದಿತು. ದಿಬ್ಬದ ಅಂಚಿಗೆ ತಾನಾಗಿ ಬೆಳೆದ ಕಾಡುಜಾಲಿ ಹಾಲಿನಂತೆ ಬಿಳುಪು. ನಮ್ಮ ಸಸಿಗಳು ಸುಟ್ಟ ಕಡ್ಡಿಯಂತೆ ಕಪ್ಪು. ನಡುವೆ ಒಂದೇ ಒಂದು ಸಾಲು ಬೆಳ್ಳಗೆ.

"ಇವೇನಯ್ಯ, ಕಪ್ಪಗೆ?" ಸಾಹೇಬರು ಕೇಳಿದರು.

"ಜೀವ ಇರೋ ಎಲೆ ಈ ಬೆಳಕಲ್ಲಿ ಬೆಳ್ಳಗೆ ಬರ್ತದೆ ಸಾರ್. ಬಣ್ಣ ಹೊಡ್ದಿದ್ದು ಬರಲ್ಲ," ಎಂದ ಮಹಾನುಭಾವ, ಪಾಠ ಹೇಳುವವನ ಹಾಗೆ.

ಸಾಹೇಬರು ಪಕ್ಕದ ಸಸಿಯ ಎಲೆ ಉಜ್ಜಿದರು. ಹೆಬ್ಬೆರಳು ಹಸಿರಾಯಿತು.

ಕೋದಂಡಪ್ಪ ಕದಿರಮ್ಮನ ಕಡೆ ಕೈ ಮಾಡಿದ. "ನೀರು ಆಕೋಳು ಇವ್ಳೇ ಸಾರ್. ಸೋಂಬೇರಿ. ಒಣಗಿಸ್ಬುಟ್ಟು ಬಣ್ಣನೂ ಇವ್ಳೇ ಬಳ್ದವ್ಳೆ."

ಕದಿರಮ್ಮ ನನ್ನ ಮುಖ ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಪೆರುಮಾಳ್ ಬಿಳಿ ಸಾಲಿನ ಮೇಲೆ ಬೆರಳಿಟ್ಟ. "ಇದು ಇವಮ್ಮ ಬಿಂದಿಗೇಲಿ ನೀರು ಹಾಕಿದ ಸಾಲು ಸಾರ್. ಮೂರು ದಿನ ಕಣ್ಣಾರೆ ನೋಡಿದೀನಿ. ಟ್ಯಾಂಕರ್ ಮಾತ್ರ ನೋಡ್ಲಿಲ್ಲ."

ಗುತ್ತಿಗೆ ಹೋಯಿತು, ಅದರ ಜೊತೆ ನನ್ನ ಕೆಲಸವೂ. ಹೊಸ ಗುತ್ತಿಗೆದಾರ ಕದಿರಮ್ಮನನ್ನು ಉಳಿಸಿಕೊಂಡ. ಪೆರುಮಾಳನನ್ನು ಈಗ ಯಾವ ಗುತ್ತಿಗೆದಾರನೂ ಕರೆಯುವುದಿಲ್ಲ. ಅವನಿಗೇನು, ಯಾವುದೋ ಬಯಲಲ್ಲಿ ಗಾಳಿ ನಿಲ್ಲಲೆಂದು ಕಾಯುತ್ತಿರುತ್ತಾನೆ.

ಬಣ್ಣ ಹೊಡೆದವನು ನಾನು ಎಂಬ ಒಂದು ಮಾತು ಅವತ್ತು ಕದಿರಮ್ಮನಿಗೆ ಸಲ್ಲಬೇಕಿತ್ತು. ಬಸ್ಸಿನಲ್ಲಿ ಸಿಕ್ಕಾಗ ಅವಳೇ, "ಊಟ ಆಯ್ತೇನಣ್ಣಾ?" ಎನ್ನುತ್ತಾಳೆ. "ಆಯ್ತು," ಎನ್ನುತ್ತೇನೆ. ಇಷ್ಟು ದಿನವಾದರೂ ಅದಕ್ಕಿಂತ ಹೆಚ್ಚಿಗೆ ಒಂದು ಮಾತು ಅವಳಿಗೆ ಕೊಟ್ಟಿಲ್ಲ.